ಲಾಡ್ಜ್‌ನಲ್ಲಿ ಯಾರ ಕೆಲಸ ಏನು? ಫ್ರೀಮೇಸನ್ ಹುದ್ದೆಗಳ ಬಗ್ಗೆ ಹೊಸಬರಿಗೊಂದು ಮಾರ್ಗದರ್ಶಿ

ಮಾಸ್ಟರ್ ಅಂದರೆ ಲಾಡ್ಜ್‌ನ ಮಾಲೀಕರಾ? ಗ್ರ್ಯಾಂಡ್ ಮಾಸ್ಟರ್‌ಗೆ ನೇರವಾಗಿ ಕಾಗದ ಬರೆಯಬಹುದಾ? ನನ್ನನ್ನು ಸ್ಟೀವರ್ಡ್ ಮಾಡಿದ್ದಾರೆ, ಏನು ಮಾಡಬೇಕು ಅಂತ ಯಾರೂ ಹೇಳ್ತಿಲ್ಲ. ನಮ್ಮ ಯಜಮಾನ್ರು ಡೀಕನ್ ಆದ್ರಂತೆ, ಅದು ದೊಡ್ಡ ಹುದ್ದೆನಾ ಚಿಕ್ಕದಾ? ಇವು ಪದೇ ಪದೇ ಬರುವ ಪ್ರಶ್ನೆಗಳು. ಇಲ್ಲಿ ಲಾಡ್ಜ್ ಅಂದರೆ ತಂಗುವ ಹೋಟೆಲ್ ಅಲ್ಲ, ಫ್ರೀಮೇಸನ್ ಅನ್ನುವ ಸಂಘದ ಸದಸ್ಯರು ಸೇರುವ ಸ್ಥಳೀಯ ಘಟಕ. ಅದನ್ನು ನಡೆಸುವವರು ಮಾಸ್ಟರ್. ಇಂಥ ಹಲವು ಲಾಡ್ಜ್‌ಗಳ ಮೇಲಿನ ಆಡಳಿತ ಸಂಸ್ಥೆ ಗ್ರ್ಯಾಂಡ್ ಲಾಡ್ಜ್, ಅದರ ಮುಖ್ಯಸ್ಥರು ಗ್ರ್ಯಾಂಡ್ ಮಾಸ್ಟರ್. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲ ಒಂದೇ ಕಡೆ ಇರಲಿ ಅಂತ ಬರೆದಿದ್ದೇನೆ.

ಇದು ಹೊಸದಾಗಿ ಸೇರಿದವರಿಗೆ, ಮೊದಲ ಸಲ ಹುದ್ದೆ ಸಿಕ್ಕವರಿಗೆ. ಮನೆಯವರೂ ಓದಬಹುದು, ಗುಟ್ಟು ಏನೂ ಇದರಲ್ಲಿಲ್ಲ. ಹುದ್ದೆಗಳ ಹೆಸರು, ಕೆಲಸ, ಕೊರಳಲ್ಲಿ ಹಾಕುವ ಪದಕ ಎಲ್ಲವೂ ಗ್ರ್ಯಾಂಡ್ ಲಾಡ್ಜ್‌ಗಳೇ ಅಚ್ಚು ಹಾಕಿಸಿದ ನಿಯಮ ಪುಸ್ತಕಗಳಲ್ಲಿ ಇವೆ. ಗುರುತಿನ ಮಾತು, ಕೈಸನ್ನೆ ಅಂತ ಕೇಳಬೇಡಿ. ಅದನ್ನು ಬರೆಯುವುದಿಲ್ಲ.

ಶುರು ಮಾಡುವ ಮುಂಚೆ ಮೂರು ಕಾಗದ ಎದುರಿಗೆ ಇಟ್ಟುಕೊಳ್ಳಿ. ಒಂದು, ನಿಮ್ಮ ಲಾಡ್ಜ್ ಕಳಿಸಿದ ಇತ್ತೀಚಿನ ಸಮನ್ಸ್. ಕೋರ್ಟಿನ ಸಮನ್ಸ್ ಅಲ್ಲ, ಗಾಬರಿ ಬೇಡ. ಮೀಟಿಂಗ್‌ನ ದಿನಾಂಕ, ಅಜೆಂಡಾ, ಪದಾಧಿಕಾರಿಗಳ ಪಟ್ಟಿ ಇರುವ ಪತ್ರಕ್ಕೆ ಇಲ್ಲಿ ಹಾಗನ್ನುತ್ತಾರೆ. ಎರಡು, ಲಾಡ್ಜ್‌ನ ಬೈಲಾ. ಮೂರು, ನಿಮ್ಮ ಗ್ರ್ಯಾಂಡ್ ಲಾಡ್ಜ್‌ನ ನಿಯಮ ಪುಸ್ತಕ, ಅಂದರೆ ಬುಕ್ ಆಫ್ ಕಾನ್‌ಸ್ಟಿಟ್ಯೂಷನ್ಸ್. ಸೇರಿದ ದಿನವೇ ಇದನ್ನೂ ಬೈಲಾವನ್ನೂ ಕೈಗೆ ಕೊಡುವುದು ವಾಡಿಕೆ. ಬಹಳಷ್ಟು ಜನ ಅದನ್ನು ಬೀರುವಿನಲ್ಲಿಟ್ಟು ಮರೆತಿರುತ್ತಾರೆ. ಹುಡುಕಿ ತೆಗೆಯಿರಿ.

1. ಮೊದಲು ನಿಮ್ಮ ಲಾಡ್ಜ್ ಯಾರ ಕೆಳಗೆ ಬರುತ್ತದೆ ನೋಡಿ

ಜಗತ್ತಿಗೆಲ್ಲ ಒಂದೇ ಫ್ರೀಮೇಸನ್ ಸರ್ಕಾರ ಅಂತ ಇಲ್ಲ. ಒಂದೊಂದು ಗ್ರ್ಯಾಂಡ್ ಲಾಡ್ಜ್ ತನ್ನ ಪಾಡಿಗೆ ತಾನು ಸ್ವತಂತ್ರ. ಮೊದಲನೆಯದು 1717ರ ಜೂನ್ 24ರಂದು ಲಂಡನ್ನಿನಲ್ಲಿ ಶುರುವಾಯಿತು ಅನ್ನುವುದು ವಾಡಿಕೆಯ ಲೆಕ್ಕ. ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಹುಟ್ಟಿದ್ದು 1961ರ ನವೆಂಬರ್ 24ಕ್ಕೆ. ಅದರ ಮೊದಲ ಗ್ರ್ಯಾಂಡ್ ಮಾಸ್ಟರ್ ರಾಂಪುರದ ನವಾಬ ಸರ್ ಸೈಯದ್ ರಜಾ ಅಲಿ ಖಾನ್. ಅದಕ್ಕೂ ಮುಂಚೆ ಇಲ್ಲಿದ್ದ ಲಾಡ್ಜ್‌ಗಳೆಲ್ಲ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್‌ಗಳ ಗ್ರ್ಯಾಂಡ್ ಲಾಡ್ಜ್‌ಗಳ ಕೆಳಗಿದ್ದವು. 1961ರಲ್ಲಿ ಹೊಸದಕ್ಕೆ ಸೇರುವುದೋ ಹಳೆಯದರಲ್ಲೇ ಇರುವುದೋ ಅಂತ ಲಾಡ್ಜ್‌ಗಳಿಗೇ ಆಯ್ಕೆ ಕೊಟ್ಟರು. ಹಾಗಾಗಿ ಇವತ್ತಿಗೂ ಭಾರತದಲ್ಲಿ ಇಂಗ್ಲಿಷ್, ಸ್ಕಾಟಿಷ್ ಲಾಡ್ಜ್‌ಗಳು ಉಳಿದುಕೊಂಡಿವೆ. ಒಂದೇ ಕಟ್ಟಡದಲ್ಲಿ ಬೇರೆ ಬೇರೆ ದಿನ ಬೇರೆ ಬೇರೆ ಗ್ರ್ಯಾಂಡ್ ಲಾಡ್ಜ್‌ನ ಲಾಡ್ಜ್‌ಗಳು ಸೇರಬಹುದು.

ಸಮನ್ಸ್‌ನಲ್ಲಿ ಲಾಡ್ಜ್‌ನ ಹೆಸರು, ನಂಬರ್ ಆದಮೇಲೆ ಎರಡು ಮೂರು ಅಕ್ಷರ ಇರುತ್ತವೆ. ಜಿ.ಎಲ್.ಐ. ಅಂದರೆ ಭಾರತದ್ದು, ಇ.ಸಿ. ಇಂಗ್ಲಿಷ್, ಎಸ್.ಸಿ. ಸ್ಕಾಟಿಷ್, ಐ.ಸಿ. ಐರಿಷ್. ಅಷ್ಟು ನೋಡಿದರೆ ಸಾಕು.

ಇಲ್ಲೇ ಮೊದಲ ಎಡವಟ್ಟು. ಯೂಟ್ಯೂಬ್‌ನಲ್ಲಿ ಸಿಗುವ ವಿಡಿಯೊಗಳಲ್ಲಿ ಅಮೆರಿಕದವೇ ಜಾಸ್ತಿ. ಅಲ್ಲಿ ಬಹಳ ಕಡೆ ಮಾಸ್ಟರ್ ನಂತರದ ಇಬ್ಬರು ಪದಾಧಿಕಾರಿಗಳಾದ ವಾರ್ಡನ್‌ಗಳನ್ನೂ ಸೆಕ್ರೆಟರಿಯನ್ನೂ ಚುನಾವಣೆಯಲ್ಲೇ ಆರಿಸುತ್ತಾರೆ. ಇಂಗ್ಲಿಷ್ ಪದ್ಧತಿಯಲ್ಲಿ ಅವರನ್ನು ಮಾಸ್ಟರ್ ನೇಮಿಸುತ್ತಾರೆ. ಸ್ಕಾಟಿಷ್ ಲಾಡ್ಜ್‌ನಲ್ಲಿ ಡೆಪ್ಯೂಟ್ ಮಾಸ್ಟರ್, ಸಬ್‌ಸ್ಟಿಟ್ಯೂಟ್ ಮಾಸ್ಟರ್ ಅಂತ ಇನ್ನಿಬ್ಬರು ಇರುತ್ತಾರೆ. ವಿಡಿಯೊ ನೋಡಿ ಬಂದು "ನಮ್ಮಲ್ಲಿ ಯಾಕೆ ಓಟಿಂಗ್ ಇಲ್ಲ" ಅಂತ ಕೇಳಿದರೆ ಹಿರಿಯರು ನಕ್ಕು ಸುಮ್ಮನಾಗುತ್ತಾರೆ. ನಾನು ಇಲ್ಲಿ ಬರೆಯುತ್ತಿರುವುದು ಇಂಗ್ಲಿಷ್ ಪದ್ಧತಿಯದು, ಭಾರತದ್ದೂ ಹೆಚ್ಚುಕಡಿಮೆ ಅದೇ ಜಾಡು. ಆದರೂ ಕೊನೆಯ ಮಾತು ನಿಮ್ಮ ಲಾಡ್ಜ್‌ನ ಪುಸ್ತಕದ್ದೇ.

2. ಡಿಗ್ರಿ, ಹುದ್ದೆ, ದರ್ಜೆ: ಮೂರನ್ನೂ ಬೇರೆ ಮಾಡಿ

ಹೊಸಬರ ಗೊಂದಲದಲ್ಲಿ ಮುಕ್ಕಾಲು ಪಾಲು ಇಲ್ಲಿಯದೇ.

ಡಿಗ್ರಿ ಅಂದರೆ ಸದಸ್ಯ ದಾಟುವ ಹಂತ. ಮೂರೇ ಇವೆ: ಎಂಟರ್ಡ್ ಅಪ್ರೆಂಟಿಸ್, ಫೆಲೊ ಕ್ರಾಫ್ಟ್, ಮಾಸ್ಟರ್ ಮೇಸನ್. ಮೂರನೆಯದು ಆಯಿತು ಅಂದರೆ ನೀವು ಪೂರ್ಣ ಸದಸ್ಯರು. ಹಾಗಂತ ಲಾಡ್ಜ್‌ನ ಮಾಸ್ಟರ್ ಆಗಿಬಿಟ್ಟಿರಿ ಅಂತ ಅಲ್ಲ. ಮಾಸ್ಟರ್ ಮೇಸನ್‌ಗಳು ಒಂದು ಲಾಡ್ಜ್‌ನಲ್ಲಿ ಹತ್ತಾರು ಜನ ಇರುತ್ತಾರೆ, ವರ್ಶಿಪ್‌ಫುಲ್ ಮಾಸ್ಟರ್ ಒಬ್ಬರೇ.

ಹುದ್ದೆ ಅಂದರೆ ಒಂದು ವರ್ಷಕ್ಕೆ ವಹಿಸಿದ ಕೆಲಸ. ವರ್ಷ ಮುಗಿದರೆ ಕಾಲರ್ ವಾಪಸ್ ಕೊಡಬೇಕು.

ದರ್ಜೆ ಅಂದರೆ ಹಿಂದೆ ಮಾಡಿದ ಕೆಲಸಕ್ಕೆ ಸಿಕ್ಕ, ಹೆಸರಿನ ಜೊತೆ ಉಳಿಯುವ ಗೌರವ. ಮಾಸ್ಟರ್ ಕುರ್ಚಿಯಲ್ಲಿ ಕೂತು ಇಳಿದವರು ಪಾಸ್ಟ್ ಮಾಸ್ಟರ್ ಆಗುತ್ತಾರೆ, ಮುಂದೆ ಅವರಿಗೆ ವರ್ಶಿಪ್‌ಫುಲ್ ಬ್ರದರ್ ಅನ್ನಬೇಕು. ಉಳಿದವರೆಲ್ಲ ಬರೀ ಬ್ರದರ್. ಗ್ರ್ಯಾಂಡ್ ಲಾಡ್ಜ್‌ನಲ್ಲಿ ಮೇಲಕ್ಕೆ ಹೋದ ಹಾಗೆ ವೆರಿ ವರ್ಶಿಪ್‌ಫುಲ್, ರೈಟ್ ವರ್ಶಿಪ್‌ಫುಲ್, ಗ್ರ್ಯಾಂಡ್ ಮಾಸ್ಟರ್‌ಗೆ ಮೋಸ್ಟ್ ವರ್ಶಿಪ್‌ಫುಲ್. ಪೂಜೆಗೂ ಇದಕ್ಕೂ ಸಂಬಂಧ ಇಲ್ಲ, ಇಂಗ್ಲೆಂಡಿನಲ್ಲಿ ಊರಿನ ಮೇಯರ್‌ಗಳಿಗೂ ಹೀಗೇ ಕರೆಯುತ್ತಿದ್ದರು. ಸ್ಕಾಟಿಷ್ ಲಾಡ್ಜ್‌ಗೆ ಹೋದರೆ ಮಾತ್ರ ಹುಷಾರು, ಅಲ್ಲಿ ಕುರ್ಚಿಯಲ್ಲಿ ಕೂತ ಮಾಸ್ಟರ್‌ಗೇ ರೈಟ್ ವರ್ಶಿಪ್‌ಫುಲ್ ಮಾಸ್ಟರ್ ಅನ್ನುತ್ತಾರೆ.

ಇನ್ನು 33ನೇ ಡಿಗ್ರಿ. ಅದು ಬೇರೆ ಸಂಸ್ಥೆಯ ಲೆಕ್ಕ. ಆ ಡಿಗ್ರಿ ಇದ್ದವರು ನಿಮ್ಮ ಲಾಡ್ಜ್‌ಗೆ ಬಂದರೆ ಮಾಸ್ಟರ್‌ಗೆ ಆಜ್ಞೆ ಮಾಡುವ ಅಧಿಕಾರ ಅವರಿಗೆ ಇರುವುದಿಲ್ಲ.

3. ಕೋಣೆಯಲ್ಲಿ ಯಾರು ಎಲ್ಲಿ ಅಂತ ಗುರುತಿಸಿ

ಮುಂದಿನ ಮೀಟಿಂಗ್‌ನಲ್ಲಿ ಮುಖ ನೋಡಬೇಡಿ, ಎದೆ ಮೇಲೆ ಇಳಿಬಿದ್ದ ಪದಕ ನೋಡಿ. ಪ್ರತಿ ಪದಾಧಿಕಾರಿಯ ಕೊರಳಲ್ಲೂ ತಿಳಿನೀಲಿ ಬಣ್ಣದ ಅಗಲ ಪಟ್ಟಿ ಇರುತ್ತದೆ, ಇದೇ ಕಾಲರ್. ಅದರ ತುದಿಯಲ್ಲಿ ಲೋಹದ ಪದಕ, ಅದಕ್ಕೆ ಜ್ಯುಯೆಲ್ ಅನ್ನುತ್ತಾರೆ.

ಪೂರ್ವ ದಿಕ್ಕಿನ ಕುರ್ಚಿ ಮಾಸ್ಟರ್‌ದು, ಪದಕ ಮೂಲೆಮಟ್ಟ. ಪಶ್ಚಿಮದಲ್ಲಿ ಸೀನಿಯರ್ ವಾರ್ಡನ್, ಪದಕ ಮಟ್ಟ ನೋಡುವ ಸಾಧನ. ದಕ್ಷಿಣದಲ್ಲಿ ಜೂನಿಯರ್ ವಾರ್ಡನ್, ಪದಕ ತೂಗುಗುಂಡು. ಗಾರೆ ಕೆಲಸದವರ ಚೀಲದಲ್ಲಿ ಇರುವ ಸಾಮಾನೇ ಇವೆಲ್ಲ. ಈ ಮೂವರ ಮುಂದೆ ಮಾತ್ರ ಒಂದೊಂದು ಪುಟ್ಟ ಸುತ್ತಿಗೆ ಇರುತ್ತದೆ. ಮಾಸ್ಟರ್ ಬಡಿದರೆ ಸೀನಿಯರ್ ವಾರ್ಡನ್ ಬಡಿಯುತ್ತಾರೆ, ಆಮೇಲೆ ಜೂನಿಯರ್. ಅದಾದ ಮೇಲೆ ಮಾತು ನಿಲ್ಲಿಸಬೇಕು.

ಉದ್ದ ಕೋಲು ಹಿಡಿದು ಓಡಾಡುವವರು ಡೀಕನ್‌ಗಳು, ಇಬ್ಬರು. ಪದಕ ಆಲಿವ್ ಎಲೆ ಕಚ್ಚಿದ ಪಾರಿವಾಳ. ಹೊಸ ಅಭ್ಯರ್ಥಿಯ ಕೈ ಹಿಡಿದು ನಡೆಸುವವರು ಇವರೇ, ಹಾಗಾಗಿ ಸಮಾರಂಭದಲ್ಲಿ ಅತಿ ಹೆಚ್ಚು ಬಾಯಿಪಾಠ ಬೇಕಾಗುವ ಕೆಲಸಗಳಲ್ಲಿ ಇದೂ ಒಂದು. ಯಜಮಾನ್ರು ಡೀಕನ್ ಆದ್ರಂತೆ ಅಂದವರಿಗೆ: ಮನೆಯಲ್ಲಿ ರಾತ್ರಿ ಒಬ್ಬರೇ ಗುನುಗುಡುತ್ತಾ ಓಡಾಡುತ್ತಿದ್ದರೆ ಚಿಂತೆ ಬೇಡ, ಪಾಠ ಒಪ್ಪಿಸಿಕೊಳ್ಳುತ್ತಿದ್ದಾರೆ.

ಬಾಗಿಲಿನ ಒಳಗೆ ಇನ್ನರ್ ಗಾರ್ಡ್, ಪದಕ ಅಡ್ಡಡ್ಡ ಇಟ್ಟ ಎರಡು ಕತ್ತಿ. ಬಾಗಿಲಿನ ಹೊರಗೆ ಟೈಲರ್ (ಬಟ್ಟೆ ಹೊಲಿಯುವವರಲ್ಲ, ಹುದ್ದೆಯ ಹೆಸರೇ ಹಾಗೆ), ಒಂದೇ ಕತ್ತಿ. ಟೈಲರ್‌ನನ್ನು ಕಾವಲುಗಾರ ಅಂದುಕೊಂಡು ಕಾರಿನ ಕೀ ಕೊಟ್ಟುಬಿಡುವವರು ಇದ್ದಾರೆ, ದಯವಿಟ್ಟು ಬೇಡ. ಎಷ್ಟೋ ಲಾಡ್ಜ್‌ಗಳಲ್ಲಿ ಟೈಲರ್ ಹಳೆಯ ಪಾಸ್ಟ್ ಮಾಸ್ಟರ್ ಆಗಿರುತ್ತಾರೆ. ಒಳಗೆ ಹೋಗುವ ಮುಂಚೆ ಅವರ ಮೇಜಿನ ಮೇಲಿರುವ ಹಾಜರಿ ಪುಸ್ತಕಕ್ಕೆ ನಿಮ್ಮ ಹೆಸರು, ದರ್ಜೆ, ಲಾಡ್ಜ್ ಬರೆದು ಸಹಿ ಹಾಕಬೇಕು. ಅತಿಥಿಯಾದರೆ ನಿಮ್ಮ ಲಾಡ್ಜ್‌ನ ನಂಬರನ್ನೂ ಸ್ಪಷ್ಟವಾಗಿ ಬರೆಯಿರಿ, ಮಿನಿಟ್ಸ್ ಬರೆಯುವವರು ನಿಮಗೆ ಋಣಿಯಾಗಿರುತ್ತಾರೆ.

ಮಾಸ್ಟರ್ ಪಕ್ಕದಲ್ಲಿ ಕೂತವರು ಇಮ್ಮೀಡಿಯೆಟ್ ಪಾಸ್ಟ್ ಮಾಸ್ಟರ್, ಅಂದರೆ ಈಗಷ್ಟೇ ಕುರ್ಚಿ ಬಿಟ್ಟವರು. ಇವರನ್ನು ಯಾರೂ ಆರಿಸುವುದಿಲ್ಲ, ನೇಮಿಸುವುದೂ ಇಲ್ಲ. ಇಂಗ್ಲಿಷ್ ನಿಯಮದ ಪ್ರಕಾರ ಇದು ಹುದ್ದೆಯೇ ಅಲ್ಲ, ತಾನಾಗಿ ಬರುವ ಜಾಗ. ಆದರೆ ಮಾಸ್ಟರ್ ಮಾತು ಮರೆತಾಗ ಮೆಲ್ಲಗೆ ಎತ್ತಿಕೊಡುವವರು ಇವರು. ಮಾಸ್ಟರ್ ಬರಲಾಗದಿದ್ದರೆ ಮೊದಲು ಕರೆ ಹೋಗುವುದೂ ಇವರಿಗೇ. ಅದು ಸೀನಿಯರ್ ವಾರ್ಡನ್‌ಗೆ ಹೋಗುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಪಾಸ್ಟ್ ಮಾಸ್ಟರ್ ಯಾರೂ ಇಲ್ಲದಿದ್ದರೆ ವಾರ್ಡನ್ ಸಭೆ ನಡೆಸಬಹುದು, ಆದರೆ ಡಿಗ್ರಿ ಕೊಡುವಂತಿಲ್ಲ.

ಸದಸ್ಯರು ಸೊಂಟಕ್ಕೆ ಕಟ್ಟಿಕೊಳ್ಳುವ ಏಪ್ರನ್ನಿನಲ್ಲೂ ಸುಳಿವು ಇದೆ. ಪೂರಾ ಬಿಳಿ ಇದ್ದರೆ ಈಗಷ್ಟೇ ಸೇರಿದವರು. ಎರಡು ನೀಲಿ ಗುಲಾಬಿ ಕುಚ್ಚು ಇದ್ದರೆ ಎರಡನೇ ಡಿಗ್ರಿ. ಮೂರು ಕುಚ್ಚು, ಸುತ್ತ ನೀಲಿ ಅಂಚು ಇದ್ದರೆ ಮಾಸ್ಟರ್ ಮೇಸನ್. ಕುಚ್ಚಿನ ಜಾಗದಲ್ಲಿ ತಲೆಕೆಳಗಾದ ಇಂಗ್ಲಿಷ್ T ಅಕ್ಷರದ ಆಕಾರದ ಲೋಹದ ತುಂಡು ಇದ್ದರೆ ಮಾಸ್ಟರ್ ಅಥವಾ ಪಾಸ್ಟ್ ಮಾಸ್ಟರ್. ಕಡುನೀಲಿ, ಚಿನ್ನದ ಜರಿ ಕಂಡರೆ ಗ್ರ್ಯಾಂಡ್ ಲಾಡ್ಜ್ ಕಡೆಯವರು.

4. ಮಾಸ್ಟರ್‌ಗೆ ಏನೇನು ಅಧಿಕಾರ ಇದೆ, ಏನಿಲ್ಲ ಅಂತ ತಿಳಿಯಿರಿ

ಇದೆ: ಸಭೆ ನಡೆಸುವುದು, ಹೆಚ್ಚಿನ ಪದಾಧಿಕಾರಿಗಳನ್ನು ನೇಮಿಸುವುದು, ಧರ್ಮ ಅಥವಾ ರಾಜಕೀಯದ ಚರ್ಚೆ ಶುರುವಾದರೆ ಅಲ್ಲೇ ನಿಲ್ಲಿಸುವುದು. ಈ ಎರಡು ವಿಷಯ ಲಾಡ್ಜ್ ಒಳಗೆ ನಿಷಿದ್ಧ. ಲಾಡ್ಜ್‌ನ ವಾರೆಂಟ್ ಜೋಪಾನ ಮಾಡುವುದೂ ಅವರ ಹೊಣೆ. ವಾರೆಂಟ್ ಅಂದರೆ ಗ್ರ್ಯಾಂಡ್ ಲಾಡ್ಜ್ ಕೊಟ್ಟ ಪರವಾನಗಿ ಪತ್ರ. ಅದಿಲ್ಲದೆ ಸಭೆ ಸೇರುವಂತಿಲ್ಲ. ಹೊಸ ಮಾಸ್ಟರ್ ಕುರ್ಚಿಗೆ ಬಂದ ದಿನ ಅದನ್ನು ಅವರ ಕೈಗೆ ಒಪ್ಪಿಸುತ್ತಾರೆ.

ಇಲ್ಲ: ತನ್ನಿಷ್ಟದಂತೆ ಹಣ ಖರ್ಚು ಮಾಡುವುದು, ಬೈಲಾ ಬದಲಿಸುವುದು, ಓಟಿಲ್ಲದೆ ಯಾರನ್ನಾದರೂ ಸೇರಿಸಿಕೊಳ್ಳುವುದು. ಹೊಸಬರನ್ನು ಸೇರಿಸಲು ಗುಂಡು ಹಾಕುವ ಪೆಟ್ಟಿಗೆ ಬರುತ್ತದೆ. ಒಳಗೆ ಕೈ ತೂರಿಸಿ ಬಿಳಿ ಗುಂಡೋ ಕರಿ ಗುಂಡೋ ಬಿಡಬೇಕು, ಪಕ್ಕದವರಿಗೂ ಯಾವುದು ಅಂತ ಕಾಣುವುದಿಲ್ಲ. ಇಂಗ್ಲಿಷ್ ನಿಯಮದಲ್ಲಿ ಮೂರು ಕರಿ ಗುಂಡು ಬಿದ್ದರೆ ಅರ್ಜಿ ಬಿತ್ತು ಅಂತಲೇ. ಬೈಲಾದಲ್ಲಿ ಇನ್ನೂ ಬಿಗಿ ಮಾಡಿಕೊಂಡ ಲಾಡ್ಜ್‌ಗಳೂ ಇವೆ. ಮಾಸ್ಟರ್ ತಂದ ಅಭ್ಯರ್ಥಿಯಾದರೂ ಇದೇ ಪೆಟ್ಟಿಗೆ.

5. ಸೆಕ್ರೆಟರಿಯ ಕೆಲಸ ಅರ್ಥ ಮಾಡಿಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಮಾಸ್ಟರ್ ವರ್ಷಕ್ಕೊಬ್ಬರು ಬದಲಾಗುತ್ತಾರೆ. ಸೆಕ್ರೆಟರಿ ಮತ್ತು ಖಜಾಂಚಿ ಹಾಗಲ್ಲ, ಒಳ್ಳೆಯವರು ಸಿಕ್ಕರೆ ಲಾಡ್ಜ್ ಅವರನ್ನು ವರ್ಷಗಟ್ಟಲೆ ಬಿಡುವುದಿಲ್ಲ. ನನ್ನನ್ನು ಕೇಳಿದರೆ ಲಾಡ್ಜ್ ಚೆನ್ನಾಗಿದೆಯೋ ಇಲ್ಲವೋ ಅಂತ ತಿಳಿಯಲು ಪೂರ್ವದ ಕುರ್ಚಿಗಿಂತ ಸೆಕ್ರೆಟರಿಯ ಮೇಜು ನೋಡಬೇಕು. ಪದಕ ಅಡ್ಡಡ್ಡ ಇಟ್ಟ ಎರಡು ಗರಿ ಲೇಖನಿ.

ರುಡ್ಯಾರ್ಡ್ ಕಿಪ್ಲಿಂಗ್ 1886ರಲ್ಲಿ ಲಾಹೋರಿನ ಹೋಪ್ ಅಂಡ್ ಪರ್ಸಿವಿಯರೆನ್ಸ್ ಲಾಡ್ಜ್‌ಗೆ ಸೇರಿದಾಗ ಅವನಿಗೆ 21 ತುಂಬಿರಲಿಲ್ಲ. ಆದರೂ ವಿಶೇಷ ಅನುಮತಿ ತಂದು ಸೇರಿಸಿಕೊಂಡರು. ಕಾರಣ ಅವನೇ ಬರೆದಿದ್ದಾನೆ: ಲಾಡ್ಜ್‌ಗೆ ಒಬ್ಬ ಒಳ್ಳೆಯ ಸೆಕ್ರೆಟರಿ ಬೇಕಿತ್ತು. ಪತ್ರಿಕೆಯಲ್ಲಿ ಕೆಲಸ ಮಾಡುವ ಹುಡುಗ, ಬರವಣಿಗೆ ಗೊತ್ತು, ಇನ್ನೇನು ಬೇಕು?

ನಿಮ್ಮನ್ನು ಸೆಕ್ರೆಟರಿ ಅಥವಾ ಅಸಿಸ್ಟೆಂಟ್ ಸೆಕ್ರೆಟರಿ ಮಾಡಿದ್ದರೆ ಈ ಕ್ರಮದಲ್ಲಿ ಹೋಗಿ.

ಸಮನ್ಸ್ ಕಳಿಸುವ ಮುಂಚೆ ಮಾಸ್ಟರ್ ಜೊತೆ ಕೂತು ಅಜೆಂಡಾ ನಿಗದಿ ಮಾಡಿ. ಓಟಿಗೆ ಬರುವ ಅಭ್ಯರ್ಥಿಯ ವಿವರ, ಅವರನ್ನು ಸೂಚಿಸಿದವರು, ಅನುಮೋದಿಸಿದವರು, ಎಲ್ಲ ಸಮನ್ಸ್‌ನಲ್ಲೇ ಇರಬೇಕು. ಅದು ಬಿಟ್ಟುಹೋದರೆ ಓಟು ನಡೆಸುವಂತಿಲ್ಲ. ವಾಟ್ಸ್ಯಾಪ್ ಗ್ರೂಪಿನಲ್ಲಿ "ಶನಿವಾರ ಆರೂವರೆಗೆ ಬನ್ನಿ" ಅಂತ ಹಾಕಿದರೆ ಅದು ಸಮನ್ಸ್ ಆಗುವುದಿಲ್ಲ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ನಿಗದಿಯ ದಿನ ಬಿಟ್ಟು ಬೇರೆ ದಿನ ಸೇರಬೇಕಾದರೆ ಅದು ಎಮರ್ಜೆನ್ಸಿ ಮೀಟಿಂಗ್. ಅದಕ್ಕೆ ಮೇಲಿನಿಂದ ಡಿಸ್ಪೆನ್ಸೇಶನ್, ಅಂದರೆ ವಿಶೇಷ ಅನುಮತಿ ಬೇಕು. ಅನುಮತಿಯಲ್ಲಿ ಬರೆದ ಕೆಲಸ ಬಿಟ್ಟು ಬೇರೇನೂ ಅಲ್ಲಿ ಮಾಡುವಂತಿಲ್ಲ. "ಹೇಗೂ ಸೇರಿದ್ದೀವಿ, ಇದೊಂದು ಮುಗಿಸಿಬಿಡೋಣ" ಅಂತ ಯಾರೋ ಒಬ್ಬರು ಅಂದೇ ಅನ್ನುತ್ತಾರೆ. ಒಪ್ಪಬೇಡಿ.

ಮಿನಿಟ್ಸ್ ಅನ್ನು ಎರಡು ಮೂರು ದಿನದೊಳಗೆ ಬರೆದುಬಿಡಿ, ತಡವಾದಷ್ಟೂ ಯಾರು ಏನಂದರು ಅನ್ನುವುದು ಮಸುಕಾಗುತ್ತದೆ. ನಿರ್ಣಯ ಬರೆಯಿರಿ, ಜಗಳ ಬರೆಯಬೇಡಿ. ಸಮಾರಂಭದ ಮಾತುಗಳನ್ನು ಅಲ್ಲಿ ಇಳಿಸುವಂತಿಲ್ಲ, "ಇಂಥವರಿಗೆ ಮೊದಲ ಡಿಗ್ರಿ ಕೊಡಲಾಯಿತು" ಅಂದರೆ ಸಾಕು. ಮುಂದಿನ ಮೀಟಿಂಗ್‌ನಲ್ಲಿ ಅದನ್ನು ಓದುತ್ತಾರೆ ಅಥವಾ ಮುಂಚೆಯೇ ಕಳಿಸಿದ್ದರೆ ಓದಿದಂತೆ ಅಂದುಕೊಳ್ಳುತ್ತಾರೆ. ಸದಸ್ಯರು ಬಲಗೈ ಮುಂದೆ ಚಾಚಿ ಒಪ್ಪಿಗೆ ಕೊಡುತ್ತಾರೆ. ಪುಸ್ತಕ ಮಾಸ್ಟರ್ ಮುಂದೆ ಹೋಗುತ್ತದೆ, ಸಹಿ ಬೀಳುತ್ತದೆ. ಸಹಿ ಬೀಳುವವರೆಗೆ ಅದು ನಿಮ್ಮ ಟಿಪ್ಪಣಿ, ಆಮೇಲೆ ಲಾಡ್ಜ್‌ನ ದಾಖಲೆ.

ಕೊನೆಯದಾಗಿ, ವರ್ಷಕ್ಕೊಮ್ಮೆ ಗ್ರ್ಯಾಂಡ್ ಲಾಡ್ಜ್‌ಗೆ ಸದಸ್ಯರ ಪಟ್ಟಿ, ಸೇರಿದವರು, ಬಿಟ್ಟವರು, ತೀರಿಕೊಂಡವರ ವಿವರ ಮತ್ತು ಅದಕ್ಕೆ ತಕ್ಕ ಹಣ ಹೋಗಬೇಕು. ಇದಕ್ಕೆ ರಿಟರ್ನ್ ಅನ್ನುತ್ತಾರೆ. ಇಲ್ಲಿ ಒಬ್ಬರ ಹೆಸರು ತಪ್ಪಿದರೆ ಆಮೇಲೆ ಆ ಮನುಷ್ಯನ ಹಿರಿತನವೇ ಎಡವಟ್ಟಾಗುತ್ತದೆ.

ಇಷ್ಟೆಲ್ಲ ದುಡಿಯುವ ಸೆಕ್ರೆಟರಿಗೆ ಸಂಬಳ ಇಲ್ಲ. ಬೈಲಾದಲ್ಲಿ ಅವಕಾಶ ಇದ್ದರೆ ಅವರ ಸೇವೆಯನ್ನೇ ವಾರ್ಷಿಕ ಚಂದಾ ಅಂತ ಲೆಕ್ಕ ಹಿಡಿಯಬಹುದು, ಅಷ್ಟೇ.

6. ಹಣದ ಹುದ್ದೆಗಳು ಮೂರು, ಒಂದಕ್ಕೊಂದು ಬೆರೆಸಬೇಡಿ

ಖಜಾಂಚಿಯ ಪದಕ ಬೀಗದ ಕೈ. ಮಾಸ್ಟರ್ ಹಾಗೆ ಇವರೂ ಓಟಿನಿಂದ ಬರುವವರು, ಮಾಸ್ಟರ್ ನೇಮಕ ಅಲ್ಲ. ಲೆಕ್ಕದವರು ಮಾಸ್ಟರ್ ಮುಲಾಜಿನಲ್ಲಿ ಇರಬಾರದು ಅನ್ನುವುದು ಇದರ ಒಳ್ಳೆಯ ಅಂಶ. ಬಂದ ಹಣವೆಲ್ಲ ಲಾಡ್ಜ್ ಹೆಸರಿನ ಬ್ಯಾಂಕ್ ಖಾತೆಗೆ ಹೋಗಬೇಕು. ಯಾರದೋ ಸ್ವಂತ ಯುಪಿಐ ನಂಬರಿಗೆ ಚಂದಾ ಹಾಕಿ ಅಂದರೆ ಹಾಕಬೇಡಿ, ಮುಲಾಜಿಲ್ಲದೆ ಲಾಡ್ಜ್ ಖಾತೆಯ ವಿವರ ಕೇಳಿ. ವರ್ಷಕ್ಕೊಮ್ಮೆ ಲೆಕ್ಕ ಆಡಿಟ್ ಆಗಿ ಸದಸ್ಯರ ಮುಂದೆ ಬರಬೇಕು.

ಚಂದಾ ಬಾಕಿ ಇಟ್ಟವರ ಬಗ್ಗೆ ಒಂದು ಎಚ್ಚರಿಕೆ. ಇಂಗ್ಲಿಷ್ ನಿಯಮದಲ್ಲಿ ಪೂರ್ತಿ ಎರಡು ವರ್ಷ ಕಟ್ಟದಿದ್ದರೆ ಸದಸ್ಯತ್ವ ತಾನಾಗಿ ಹೋಗುತ್ತದೆ. ಮತ್ತೆ ಬರಬೇಕೆಂದರೆ ಪುನಃ ಸೂಚನೆ, ಅನುಮೋದನೆ, ಗುಂಡಿನ ಪೆಟ್ಟಿಗೆ. ಖಜಾಂಚಿಗಳು ಸಂಕೋಚಕ್ಕೆ ಸುಮ್ಮನಿದ್ದು ಕೊನೆಗೆ ಹಳೆಯ ಸದಸ್ಯರನ್ನು ಕಳೆದುಕೊಳ್ಳುತ್ತಾರೆ. ಆರು ತಿಂಗಳಾದ ಕೂಡಲೇ ಒಂದು ಫೋನ್ ಮಾಡಿ. ಎಷ್ಟೋ ಸಲ ಬಾಕಿಯ ಹಿಂದೆ ಕಾಯಿಲೆಯೋ ಕೆಲಸ ಹೋಗಿದ್ದೋ ಇರುತ್ತದೆ. ಅಂಥಲ್ಲಿ ವಿಷಯ ಮುಂದಿನವರಿಗೆ ಹೋಗಬೇಕು.

ಆ ಮುಂದಿನವರು ಆಮನರ್. ಪದಕ ಹೃದಯದ ಗುರುತಿರುವ ಜೋಳಿಗೆ. ಕಾಯಿಲೆ ಬಿದ್ದ ಸದಸ್ಯರು, ತೀರಿಕೊಂಡವರ ಹೆಂಡತಿ ಮಕ್ಕಳು, ಇವರನ್ನು ವಿಚಾರಿಸುವುದು ಆಮನರ್ ಕೆಲಸ. ಆಸ್ಪತ್ರೆಗೆ ಹೋಗಿ ಕೂರುವುದು, ಹಬ್ಬಕ್ಕೆ ಫೋನ್ ಮಾಡುವುದು, ನೆರವಿಗೆ ಅರ್ಜಿ ತುಂಬಿಸುವುದು. ಯಾರಿಗೆ ಏನು ಕಷ್ಟ ಅನ್ನುವುದನ್ನು ತುಂಬಿದ ಸಭೆಯಲ್ಲಿ ಓದಬಾರದು. ಮಾತು ಜಾಸ್ತಿ ಇರುವವರಿಗೆ ಈ ಹುದ್ದೆ ಆಗಿಬರುವುದಿಲ್ಲ.

ಚಾರಿಟಿ ಸ್ಟೀವರ್ಡ್ ಇನ್ನೊಬ್ಬರು, ಪದಕ ಕರಣೆ. ಹೊರಗಿನವರಿಗೆ ಕೊಡುವ ದಾನಕ್ಕೆ ಹಣ ಕೂಡಿಸುವುದು ಇವರ ಜವಾಬ್ದಾರಿ. ದಾನಕ್ಕೆ ಬಂದಿದ್ದನ್ನು ಊಟದ ಖರ್ಚಿಗೆ ತಿರುಗಿಸಬೇಡಿ, ಆಮೇಲೆ ಹಾಕಿಬಿಡೋಣ ಅಂತಲೂ ಬೇಡ. ಇನ್ನೊಂದು: ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿ ಅಲ್ಲಿನ ಪೌರರಾಗಿರುವ ನಮ್ಮವರು ಪ್ರೀತಿಯಿಂದ ಹಣ ಕಳಿಸುತ್ತೇನೆ ಅನ್ನಬಹುದು. ವಿದೇಶಿ ಪೌರರಿಂದ ಸಂಸ್ಥೆ ದೇಣಿಗೆ ಪಡೆಯಬೇಕಾದರೆ 2010ರ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಅಥವಾ ಅನುಮತಿ ಬೇಕು. ಹಣ ಬಂದಮೇಲೆ ಯೋಚಿಸುವ ವಿಷಯ ಇದಲ್ಲ, ಮುಂಚೆಯೇ ಆಡಿಟರ್‌ನ ಕೇಳಿ.

7. ಉಳಿದವರನ್ನು ಪರಿಚಯ ಮಾಡಿಕೊಳ್ಳಿ

ಡೈರೆಕ್ಟರ್ ಆಫ್ ಸೆರೆಮನೀಸ್ ಅಂದರೆ ಸಮಾರಂಭದ ಉಸ್ತುವಾರಿ, ಪದಕ ಅಡ್ಡಡ್ಡ ಎರಡು ಕೋಲು. ಯಾರು ಯಾವಾಗ ಏಳಬೇಕು, ಯಾರು ಮೊದಲು ಒಳಗೆ ಬರಬೇಕು ಎಲ್ಲ ಇವರ ತಲೆಯಲ್ಲಿ ಇರುತ್ತದೆ. ತಾಲೀಮಿಗೆ ತಡವಾಗಿ ಬಂದರೆ ಬೈಗುಳ ಇವರಿಂದಲೇ. ಚಾಪ್ಲಿನ್ ಪ್ರಾರ್ಥನೆ ಹೇಳುವವರು, ಪುರೋಹಿತರೇ ಆಗಬೇಕಿಲ್ಲ. ನಮ್ಮ ದೇಶದ ಲಾಡ್ಜ್‌ಗಳಲ್ಲಿ ಪೀಠದ ಮೇಲೆ ಭಗವದ್ಗೀತೆ, ಕುರಾನ್, ಬೈಬಲ್ ಹೀಗೆ ಒಂದಕ್ಕಿಂತ ಹೆಚ್ಚು ಗ್ರಂಥ ಇಡುವುದು ರೂಢಿ. ಯಾರು ಪ್ರಮಾಣ ಮಾಡುತ್ತಾರೋ ಅವರ ಗ್ರಂಥ ಅವರಿಗೆ. ಆರ್ಗನಿಸ್ಟ್ ಸಂಗೀತ ನುಡಿಸುವವರು, ಈಗೀಗ ಸ್ಪೀಕರ್‌ಗೆ ಮೊಬೈಲ್ ಹಚ್ಚಿ ಕೂರುವವರೇ ಜಾಸ್ತಿ.

ಸ್ಟೀವರ್ಡ್‌ಗಳು ಎಲ್ಲಕ್ಕಿಂತ ಕಿರಿಯರು. ಮೀಟಿಂಗ್ ಆದಮೇಲಿನ ಊಟ, ಅಂದರೆ ಫೆಸ್ಟಿವ್ ಬೋರ್ಡ್‌ನ ಬಡಿಸುವಿಕೆ, ಅತಿಥಿಗಳ ಉಪಚಾರ ಇವರದು. ಏನು ಮಾಡಬೇಕು ಅಂತ ಯಾರೂ ಹೇಳ್ತಿಲ್ಲ ಅಂದವರಿಗೆ ನನ್ನ ಸಲಹೆ: ಅರ್ಧ ಗಂಟೆ ಮುಂಚೆ ಹೋಗಿ ಟೈಲರ್‌ಗೆ ಕೋಣೆ ಜೋಡಿಸಲು ಕೈಹಾಕಿ. ಯಾವ ಸಾಮಾನು ಎಲ್ಲಿ, ಯಾಕೆ ಅಂತ ಪುಸ್ತಕಕ್ಕಿಂತ ಬೇಗ ಅಲ್ಲಿ ಗೊತ್ತಾಗುತ್ತದೆ. ಊಟಕ್ಕೆ ಎಷ್ಟು ಜನ, ಅದರಲ್ಲಿ ಸಸ್ಯಾಹಾರಿಗಳು ಎಷ್ಟು ಅಂತ ಸೆಕ್ರೆಟರಿಯಿಂದ ಎರಡು ದಿನ ಮುಂಚೆ ಬರೆಸಿಕೊಳ್ಳಿ.

8. ಮೇಲೆ ಹೋಗುವ ದಾರಿ ಹೇಗಿದೆ ನೋಡಿ

ವಾಡಿಕೆಯ ಮೆಟ್ಟಿಲು ಹೀಗೆ: ಸ್ಟೀವರ್ಡ್, ಇನ್ನರ್ ಗಾರ್ಡ್, ಜೂನಿಯರ್ ಡೀಕನ್, ಸೀನಿಯರ್ ಡೀಕನ್, ಜೂನಿಯರ್ ವಾರ್ಡನ್, ಸೀನಿಯರ್ ವಾರ್ಡನ್, ಕೊನೆಗೆ ಮಾಸ್ಟರ್. ಆದರೆ ಇದು ವಾಡಿಕೆ, ಹಕ್ಕಲ್ಲ. ಈ ವರ್ಷ ಜೂನಿಯರ್ ಡೀಕನ್ ಆದವರನ್ನು ಮುಂದಿನ ವರ್ಷ ಸೀನಿಯರ್ ಮಾಡಲೇಬೇಕು ಅಂತ ಎಲ್ಲೂ ಬರೆದಿಲ್ಲ. ಹಣ ಕೊಟ್ಟು ಮೆಟ್ಟಿಲು ಹಾರುವ ದಾರಿಯೂ ಇಲ್ಲ.

ನಿಯಮ ಕೇಳುವುದು ಒಂದೇ: ಮಾಸ್ಟರ್ ಆಗಲು ಒಂದು ಪೂರ್ತಿ ವರ್ಷ ವಾರ್ಡನ್ ಆಗಿ ಕೆಲಸ ಮಾಡಿರಬೇಕು. ಇನ್‌ಸ್ಟಲೇಶನ್‌ಗೆ, ಅಂದರೆ ಅಧಿಕಾರ ವಹಿಸುವ ಸಭೆಗೆ ಮುಂಚಿನ ಮೀಟಿಂಗ್‌ನಲ್ಲಿ ಗುಪ್ತ ಮತದಾನ ಆಗುತ್ತದೆ. ವಿಶೇಷ ಅನುಮತಿ ಇಲ್ಲದೆ ಸತತವಾಗಿ ಎರಡು ವರ್ಷಕ್ಕಿಂತ ಜಾಸ್ತಿ ಆ ಕುರ್ಚಿಯಲ್ಲಿ ಕೂರುವಂತಿಲ್ಲ.

ಹುದ್ದೆ ಒಪ್ಪಿಕೊಳ್ಳುವ ಮುಂಚೆ ಮನೆಯಲ್ಲಿ ಮಾತಾಡಿ. ಮೀಟಿಂಗ್ ತಿಂಗಳಿಗೊಂದೇ ಇರಬಹುದು, ಆದರೆ ತಾಲೀಮು, ಬೇರೆ ಲಾಡ್ಜ್‌ಗಳ ಭೇಟಿ, ಇನ್‌ಸ್ಟಲೇಶನ್ ಸೀಸನ್ನಿನ ಊಟಗಳು ಸೇರಿದರೆ ಸಂಜೆಗಳು ಎಲ್ಲಿ ಹೋದವು ಅಂತಲೇ ಗೊತ್ತಾಗುವುದಿಲ್ಲ. ಮಗಳ ಹತ್ತನೇ ತರಗತಿ, ಆಫೀಸಿನಲ್ಲಿ ವರ್ಗಾವಣೆ ಇಂಥದ್ದಿದ್ದರೆ "ಒಂದು ವರ್ಷ ಬಿಟ್ಟು ನೋಡೋಣ" ಅನ್ನಿ. ಯಾರೂ ತಪ್ಪು ತಿಳಿಯುವುದಿಲ್ಲ. ಒಪ್ಪಿಕೊಂಡು ಮಧ್ಯದಲ್ಲಿ ಕೈಬಿಟ್ಟರೆ ಮಾತ್ರ ಸಿಟ್ಟು ಬರುತ್ತದೆ.

9. ಲಾಡ್ಜ್‌ನ ಮೇಲೆ ಯಾರಿದ್ದಾರೆ, ಕಾಗದ ಯಾರಿಗೆ

ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾದ ಕಚೇರಿ ದೆಹಲಿಯ ಜನಪಥದ ಫ್ರೀಮೇಸನ್ಸ್ ಹಾಲ್‌ನಲ್ಲಿದೆ. ಅದರ ಕೆಳಗೆ ಉತ್ತರ, ಪೂರ್ವ, ಪಶ್ಚಿಮ, ದಕ್ಷಿಣ ಅಂತ ನಾಲ್ಕು ರೀಜನಲ್ ಗ್ರ್ಯಾಂಡ್ ಲಾಡ್ಜ್‌ಗಳು. ಬೆಂಗಳೂರು, ಮೈಸೂರಿನ ಲಾಡ್ಜ್‌ಗಳು ಬರುವುದು ದಕ್ಷಿಣದ ಕೆಳಗೆ, ಅದರ ಕೇಂದ್ರ ಚೆನ್ನೈ. ಪ್ರತಿ ಪ್ರಾಂತ್ಯಕ್ಕೂ ಒಬ್ಬ ರೀಜನಲ್ ಗ್ರ್ಯಾಂಡ್ ಮಾಸ್ಟರ್, ಅವರಿಗೊಬ್ಬ ಸೆಕ್ರೆಟರಿ. ಇಡೀ ದೇಶಕ್ಕೆ ಗ್ರ್ಯಾಂಡ್ ಮಾಸ್ಟರ್, ಅವರ ಜೊತೆ ಡೆಪ್ಯೂಟಿ, ಅಸಿಸ್ಟೆಂಟ್, ಗ್ರ್ಯಾಂಡ್ ವಾರ್ಡನ್‌ಗಳು, ಗ್ರ್ಯಾಂಡ್ ಖಜಾಂಚಿ. ದಿನದ ಆಡಳಿತ ಇರುವುದು ಗ್ರ್ಯಾಂಡ್ ಸೆಕ್ರೆಟರಿಯ ಕೈಯಲ್ಲಿ.

ಇಂಗ್ಲೆಂಡಿನ ಪಟ್ಟಿಯಲ್ಲಿ ಪ್ರೊ ಗ್ರ್ಯಾಂಡ್ ಮಾಸ್ಟರ್ ಅಂತ ಒಂದು ವಿಚಿತ್ರ ಹುದ್ದೆ ಕಾಣುತ್ತದೆ. ಗ್ರ್ಯಾಂಡ್ ಮಾಸ್ಟರ್ ರಾಜಮನೆತನದವರಾಗಿದ್ದಾಗ ಅವರ ಪರವಾಗಿ ಕೆಲಸ ನಡೆಸಲು ಇರುವವರು ಅವರು. 1967ರಲ್ಲಿ ಡ್ಯೂಕ್ ಆಫ್ ಕೆಂಟ್ ಗ್ರ್ಯಾಂಡ್ ಮಾಸ್ಟರ್ ಆದಮೇಲೆ ಅಲ್ಲಿ ಈ ಹುದ್ದೆಗೆ ಒಬ್ಬರಾದಮೇಲೆ ಒಬ್ಬರು ಬಂದಿದ್ದಾರೆ.

ಕಾಗದದ ದಾರಿ ಒಂದೇ: ನೀವು, ನಿಮ್ಮ ಲಾಡ್ಜ್ ಸೆಕ್ರೆಟರಿ, ರೀಜನಲ್ ಕಚೇರಿ, ಆಮೇಲೆ ದೆಹಲಿ. ಮಧ್ಯದವರನ್ನು ಬಿಟ್ಟು ನೇರವಾಗಿ ಗ್ರ್ಯಾಂಡ್ ಮಾಸ್ಟರ್‌ಗೆ ಮೇಲ್ ಹಾಕಿದರೆ ಅದು ಅಷ್ಟೇ ಸಲೀಸಾಗಿ ಕೆಳಗಿಳಿದು ನಿಮ್ಮ ಸೆಕ್ರೆಟರಿ ಮೇಜಿಗೇ ಬರುತ್ತದೆ, ಸ್ವಲ್ಪ ಮುಜುಗರದ ಜೊತೆ.

ಇನ್ನೂ ಸೇರದೆ ಇರುವವರಿಗೆ ಒಂದು ಮಾತು. ಗ್ರ್ಯಾಂಡ್ ಮಾಸ್ಟರ್ ಹೆಸರು ಹೇಳಿಕೊಂಡು, ಇಲ್ಯುಮಿನಾಟಿ ಗಿಲ್ಯುಮಿನಾಟಿ ಅಂತ ಸೇರಿಸಿ, ಇಷ್ಟು ಹಣ ಕಳಿಸಿದರೆ ಸದಸ್ಯತ್ವ, ಕೋಟಿ ರೂಪಾಯಿ, ಕಾರು ಅಂತ ಮೆಸೇಜ್ ಬಂದರೆ ಅದು ಮೋಸ. ಯಾವ ಗ್ರ್ಯಾಂಡ್ ಮಾಸ್ಟರೂ ವಾಟ್ಸ್ಯಾಪ್‌ನಲ್ಲಿ ಸದಸ್ಯರನ್ನು ಮಾಡಿಕೊಳ್ಳುವುದಿಲ್ಲ. ಮುಖ ನೋಡಿ, ಮಾತಾಡಿಸಿ, ವಿಚಾರಿಸಿ, ಓಟು ಹಾಕಿದಮೇಲೆ ಸೇರಿಸಿಕೊಳ್ಳುವುದು. ಹೆಂಗಸರು ಸೇರಬಹುದಾ ಅಂತಲೂ ಕೇಳುತ್ತಾರೆ. ನಾನು ಹೇಳುತ್ತಿರುವ ಲಾಡ್ಜ್‌ಗಳಲ್ಲಿ ಗಂಡಸರಷ್ಟೇ. ಆನಿ ಬೆಸೆಂಟ್ ಭಾರತಕ್ಕೆ ತಂದ ಕೋ-ಮೇಸನ್ರಿಯಲ್ಲಿ ಇಬ್ಬರೂ ಇರುತ್ತಾರೆ. ಆದರೆ ಅದು ಬೇರೆ ಸಂಸ್ಥೆ, ಇವರು ಅವರನ್ನು ಮಾನ್ಯ ಮಾಡುವುದಿಲ್ಲ.

10. ಊರು ಬಿಡುವಾಗ ಸೆಕ್ರೆಟರಿಯನ್ನು ಕಂಡೇ ಹೋಗಿ

ಬೆಂಗಳೂರಿನಿಂದ ಪುಣೆಗೋ ದುಬೈಗೋ ಸಿಂಗಪುರಕ್ಕೋ ಕೆಲಸ ಬದಲಾಗಿ ಹೋಗುವವರು ಸುಮ್ನೆ ಚಂದಾ ಕಟ್ಟುವುದು ನಿಲ್ಲಿಸಿಬಿಡುತ್ತಾರೆ. ಎರಡು ವರ್ಷದ ನಿಯಮ ಮೇಲೆ ಹೇಳಿದೆನಲ್ಲ, ಅದು ಅಷ್ಟರಲ್ಲಿ ತನ್ನ ಕೆಲಸ ಮಾಡಿರುತ್ತದೆ.

ಬಿಡುವುದಾದರೆ ರಾಜೀನಾಮೆ ಬರೆದು ಕೊಡಿ, ಬಾಕಿ ತೀರಿಸಿ, ಸೆಕ್ರೆಟರಿಯಿಂದ ಕ್ಲಿಯರೆನ್ಸ್ ಸರ್ಟಿಫಿಕೇಟ್ ತೆಗೆದುಕೊಳ್ಳಿ. ನೀವು ಯಾವಾಗ ಸೇರಿದಿರಿ, ಯಾವಾಗ ಬಿಟ್ಟಿರಿ, ಬಾಕಿ ಇದೆಯೋ ಇಲ್ಲವೋ ಎಲ್ಲ ಅದರಲ್ಲಿ ಇರುತ್ತದೆ. ಹೊಸ ಊರಿನ ಲಾಡ್ಜ್ ಮೊದಲು ಕೇಳುವುದೇ ಅದನ್ನು. ಬಿಡದೆ ಬರೀ ಅತಿಥಿಯಾಗಿ ಹೋಗುವುದಾದರೆ ಮೂರನೇ ಡಿಗ್ರಿ ಆದಮೇಲೆ ಸಿಗುವ ಗ್ರ್ಯಾಂಡ್ ಲಾಡ್ಜ್ ಸರ್ಟಿಫಿಕೇಟ್ ಮತ್ತು ಈ ವರ್ಷದ ಚಂದಾ ರಸೀದಿ ಜೊತೆಗಿರಲಿ. ಆ ಸರ್ಟಿಫಿಕೇಟಿನಲ್ಲಿ ನಿಮ್ಮ ಸಹಿಗೆ ಜಾಗ ಇರುತ್ತದೆ. ಅಲ್ಲಿ ಸಹಿ ಹಾಕದೆ ಲ್ಯಾಮಿನೇಟ್ ಮಾಡಿಸಿಕೊಂಡವರು ಈಗಲೇ ಸೆಕ್ರೆಟರಿಗೆ ಹೇಳಿ, ಬದಲಿ ತರಿಸಲು ಸಮಯ ಹಿಡಿಯುತ್ತದೆ.